ಮನೆಯಲ್ಲೇ ಗುಂಡಿನ ಎರಕ: ಹೊಗೆಗಿಂತ ಧೂಳೇ ಹೆಚ್ಚು ಅಪಾಯಕಾರಿ

1776ರ ಜುಲೈ 9ರಂದು ನ್ಯೂಯಾರ್ಕ್ ನಗರದ ಜನ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜನ ಪ್ರತಿಮೆಗೆ ಹಗ್ಗ ಹಾಕಿ ಕೆಡವಿದರು. ಸೀಸದಲ್ಲಿ ಎರಕ ಹೊಯ್ದು, ಮೇಲೆ ಚಿನ್ನದ ಲೇಪ ಕೊಟ್ಟಿದ್ದ ಪ್ರತಿಮೆ ಅದು. ಅದರ ತುಂಡುಗಳನ್ನು ಕನೆಕ್ಟಿಕಟ್ ಪ್ರಾಂತ್ಯದ ಲಿಚ್‌ಫೀಲ್ಡ್ ಎಂಬ ಊರಿಗೆ, ಆಲಿವರ್ ವಾಲ್ಕಾಟ್ ಎಂಬ ಮುಖಂಡನ ಮನೆಗೆ ಸಾಗಿಸಲಾಯಿತು. ಆ ಮನೆಯ ಹಾಗೂ ನೆರೆಹೊರೆಯ ಹೆಂಗಸರು, ಮಕ್ಕಳು ಕೂಡಿ ದೊರೆಯ ಪ್ರತಿಮೆಯನ್ನು ಕರಗಿಸಿ 42,088 ಗುಂಡುಗಳನ್ನು ಎರಕ ಹೊಯ್ದರು. ಯಾರು ಎಷ್ಟು ಮಾಡಿದರೆಂಬ ಲೆಕ್ಕವೂ ಉಳಿದುಬಂದಿದೆ. ವಾಲ್ಕಾಟನ ಪುಟ್ಟ ಮಗ ಫ್ರೆಡರಿಕ್‌ನ ಪಾಲು 936 ಗುಂಡು.

ಅಮೆರಿಕದ ಶಾಲಾ ಮಕ್ಕಳಿಗೆ ಇದು ಹೆಮ್ಮೆಯ ಕಥೆ. ಇಂದಿನ ವೈದ್ಯರ ಕಣ್ಣಿಗೆ ಮಾತ್ರ ಇದರಲ್ಲಿ ಬೇರೊಂದು ಚಿತ್ರ ಕಾಣುತ್ತದೆ. ಕರಗಿದ ಸೀಸದ ಪಾತ್ರೆ, ಅದರ ಸುತ್ತ ಎಂಟು-ಹತ್ತು ವರ್ಷದ ಮಕ್ಕಳು, ಸೀಸದ ಬೂದು ಮೆತ್ತಿದ ಪುಟ್ಟ ಕೈಗಳು. ಆ ಕೈಯಲ್ಲೇ ಊಟ.

ಇನ್ನೂರೈವತ್ತು ವರ್ಷಗಳ ನಂತರವೂ ಮನೆಯಲ್ಲಿ ಗುಂಡಿನ ಎರಕ ಹೊಯ್ಯುವ ಹವ್ಯಾಸ ಅಮೆರಿಕದಲ್ಲಿ ಜೀವಂತವಾಗಿದೆ. ಗುರಿಕಾರರ ಪೈಕಿ ಬಹಳಷ್ಟು ಮಂದಿ ಕಾರು ನಿಲ್ಲಿಸುವ ಗ್ಯಾರೇಜಿನಲ್ಲೋ ಹಿತ್ತಲಿನ ಶೆಡ್ಡಿನಲ್ಲೋ ವಿದ್ಯುತ್ ಕುಲುಮೆ ಇಟ್ಟುಕೊಂಡು ಸೀಸ ಕರಗಿಸಿ, ಲೋಹದ ಅಚ್ಚಿಗೆ ಹೊಯ್ದು, ತಮ್ಮ ಗುಂಡುಗಳನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ಅಂಗಡಿಯ ಗುಂಡು ದುಬಾರಿ ಎಂಬುದು ಒಂದು ಕಾರಣ. ಹಳೆಯ ಬಂದೂಕುಗಳ ಅಳತೆಗೆ ತಕ್ಕ ಗುಂಡು ಅಂಗಡಿಯಲ್ಲಿ ಸಿಗುವುದಿಲ್ಲ ಎಂಬುದು ಇನ್ನೊಂದು. ಕೈಯಾರೆ ಮಾಡಿದ್ದರ ಸಂತೋಷವಂತೂ ಇದ್ದೇ ಇದೆ. ಅಲ್ಲಿನ ಕಾನೂನು ಇದಕ್ಕೆ ಸಾಮಾನ್ಯವಾಗಿ ಅಡ್ಡಿಪಡಿಸುವುದಿಲ್ಲ. ಅಡ್ಡಿಪಡಿಸುವುದು ಸೀಸ ಎಂಬ ಲೋಹದ ಗುಣ.

ಅರ್ಧ ಸತ್ಯದ ಸಮಾಧಾನ

ಈ ಹವ್ಯಾಸಿಗಳ ನಡುವೆ ದಶಕಗಳಿಂದ ಒಂದು ವಾದ ಚಾಲ್ತಿಯಲ್ಲಿದೆ. ಸೀಸ ಕರಗುವುದು 327.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಕುದಿದು ಆವಿಯಾಗಬೇಕಾದರೆ 1,749 ಡಿಗ್ರಿ ಬೇಕು. ಎರಕದ ಕೆಲಸ ನಡೆಯುವುದು ಸುಮಾರು 345ರಿಂದ 400 ಡಿಗ್ರಿಯೊಳಗೆ. ಆದ್ದರಿಂದ ಸೀಸದ ಆವಿ ಏಳುವುದೇ ಇಲ್ಲ, ಹೆದರುವ ಕಾರಣವೂ ಇಲ್ಲ ಎಂಬುದು ಆ ವಾದ.

ಇದರ ಮೊದಲರ್ಧ ನಿಜ. ಸುಮಾರು 480-500 ಡಿಗ್ರಿಗಿಂತ ಕೆಳಗೆ ಕರಗಿದ ಸೀಸದಿಂದ ಏಳುವ ಆವಿ ಅತ್ಯಲ್ಪ. ಆದರೆ ಅದರಿಂದ ಹೊರಡಿಸಿದ ತೀರ್ಮಾನ ತಪ್ಪು. ಹವ್ಯಾಸಿಯ ಮೈಗೆ ಸೀಸ ಸೇರುವ ಮುಖ್ಯ ದಾರಿ ಆವಿಯಲ್ಲ, ಧೂಳು. ಮೂಗಿಗಿಂತ ಬಾಯಿಯೇ ಇಲ್ಲಿ ದೊಡ್ಡ ಹೆಬ್ಬಾಗಿಲು.

ವಿಚಿತ್ರವೆಂದರೆ ಈ ಮಾತು ಹೊಸದೇನಲ್ಲ. ಅಮೆರಿಕದ ಸ್ಥಾಪಕರಲ್ಲೊಬ್ಬನಾದ ಬೆಂಜಮಿನ್ ಫ್ರಾಂಕ್ಲಿನ್ ಮೂಲತಃ ಮುದ್ರಣಕಾರ. 1786ರ ಜುಲೈನಲ್ಲಿ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ ಆತ ತನ್ನ ಯೌವನದ ಅನುಭವ ನೆನಪಿಸಿಕೊಂಡಿದ್ದಾನೆ. ಲಂಡನ್ನಿನ ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಿದ್ದಾಗ ಚಳಿಗೆಂದು ಸೀಸದ ಮೊಳೆಗಳನ್ನು ಬೆಂಕಿಗೆ ಕಾಯಿಸಿಕೊಳ್ಳುವ ರೂಢಿಯಿತ್ತಂತೆ. ಹೀಗೆ ಮಾಡಿದರೆ ಕೈಗಳ ಸ್ವಾಧೀನವೇ ತಪ್ಪೀತೆಂದು ಹಿರಿಯ ಕೆಲಸಗಾರನೊಬ್ಬ ಎಚ್ಚರಿಸಿದ. ಆದರೆ ಮೊಳೆ ಎರಕ ಹೊಯ್ಯುತ್ತಿದ್ದ ಜೇಮ್ಸ್ ಎಂಬಾತ ಕೊಟ್ಟ ಕಾರಣವೇ ಬೇರೆ. ಕುಲುಮೆಯ ಹೊಗೆಯಿಂದ ಅಂಥ ಅಪಾಯವೇನಿಲ್ಲ. ಲೋಹ ಮುಟ್ಟಿದ ಕೈಯನ್ನು ಸರಿಯಾಗಿ ತೊಳೆಯದೆ ಊಟಕ್ಕೆ ಕೂರುವವರು ರೊಟ್ಟಿಯ ಜೊತೆ ಲೋಹದ ಕಣವನ್ನೂ ನುಂಗುತ್ತಾರೆ, ರೋಗ ಬರುವುದು ಅದರಿಂದ ಎಂದನಂತೆ. ಪ್ರಯೋಗಾಲಯವಿಲ್ಲದ ಕಾಲದ ಈ ಮಾತನ್ನು ಇಂದಿನ ವಿಷವಿಜ್ಞಾನ ಬಹುಮಟ್ಟಿಗೆ ಒಪ್ಪುತ್ತದೆ.

ಧೂಳು ಬರುವುದೆಲ್ಲಿಂದ?

ಕರಗಿದ ಸೀಸದ ಮೇಲ್ಮೈ ಗಾಳಿಗೆ ತೆರೆದಿದ್ದಾಗ ಆಮ್ಲಜನಕದೊಂದಿಗೆ ಬೆರೆತು ಬೂದು-ಹಳದಿ ಬಣ್ಣದ ಕೆನೆ ಕಟ್ಟುತ್ತದೆ. ಇದೇ ಕಿಟ್ಟ. ಎರಕ ಹೊಯ್ಯುವವರು ಆಗಾಗ ಸೌಟಿನಿಂದ ಇದನ್ನು ಕೆರೆದು ತೆಗೆದು ಡಬ್ಬಿಯೊಂದಕ್ಕೆ ಹಾಕುತ್ತಾರೆ. ಆರಿದ ಕಿಟ್ಟವೆಂದರೆ ಸೀಸದ ಆಕ್ಸೈಡಿನ ನಯವಾದ ಪುಡಿ. ಗಟ್ಟಿ ಸೀಸದ ತುಂಡನ್ನು ಕೈಯಲ್ಲಿ ಹಿಡಿದರೆ ಅದು ಚರ್ಮದ ಮೂಲಕ ಒಳಗಿಳಿಯುವುದು ತೀರಾ ಕಡಿಮೆ. ಈ ಪುಡಿಯಾದರೋ ಹೊಟ್ಟೆಯ ಆಮ್ಲದಲ್ಲಿ ಸುಲಭವಾಗಿ ಕರಗುತ್ತದೆ, ಗಾಳಿಯಲ್ಲಿ ತೇಲಿದರೆ ಶ್ವಾಸಕೋಶ ಸೇರುತ್ತದೆ. ಕಿಟ್ಟದ ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿಯುವಾಗ ಏಳುವ ಒಂದು ಹಿಡಿ ಧೂಳು, ದಿನವಿಡೀ ಕುಲುಮೆಯ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು.

ಸೀಸವನ್ನು ಶುದ್ಧಗೊಳಿಸಲು ಮೇಣವನ್ನೋ ಮರದ ಹೊಟ್ಟನ್ನೋ ಹಾಕಿ ಕಲಕುವ ಪದ್ಧತಿಯಿದೆ. ಆಗ ದಟ್ಟ ಹೊಗೆ ಏಳುತ್ತದೆ, ಒಮ್ಮೊಮ್ಮೆ ಜ್ವಾಲೆಯೂ ಏಳುತ್ತದೆ. ಈ ಹೊಗೆ ಸೀಸದ್ದಲ್ಲದಿದ್ದರೂ ಸೀಸದ ಸೂಕ್ಷ್ಮ ಕಣಗಳನ್ನು ಹೊತ್ತೊಯ್ಯುತ್ತದೆ. ಬಣ್ಣ, ಗ್ರೀಸು, ಮಣ್ಣು ಮೆತ್ತಿದ ಗುಜರಿ ಸೀಸವನ್ನು ಮೊದಲ ಬಾರಿ ಕರಗಿಸುವಾಗಲೂ ಹೀಗೆಯೇ. ಬೇಗ ಕರಗಲೆಂದು ಮೇಲಿನಿಂದ ಗ್ಯಾಸ್ ಟಾರ್ಚಿನ ಉರಿ ಹಿಡಿಯುವವರಿದ್ದಾರೆ. ಆ ಉರಿ ತಾಗಿದ ಜಾಗದ ಉಷ್ಣತೆ 500 ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ. ಆವಿ ಏಳುವುದಿಲ್ಲ ಎಂಬ ಸಮಾಧಾನ ಅಲ್ಲಿಗೆ ಮುಗಿಯಿತು.

ಇಷ್ಟಾದರೂ ಅನುಭವಿಗಳು ಹೆಚ್ಚು ಹೆದರುವುದು ಎರಕದ ಪಾತ್ರೆಗಲ್ಲ, ಹಿತ್ತಾಳೆಯ ಖಾಲಿ ತೋಟಾಗಳನ್ನು ಉಜ್ಜುವ ಯಂತ್ರಕ್ಕೆ. ಒಮ್ಮೆ ಹಾರಿಸಿದ ತೋಟಾದ ಕೋಶವನ್ನು ಮತ್ತೆ ಬಳಸುವ ಮುನ್ನ ಮೆಕ್ಕೆಜೋಳದ ದಿಂಡಿನ ಪುಡಿ ತುಂಬಿದ ಗಿರಕಿ ಯಂತ್ರದಲ್ಲಿ ಹಾಕಿ ಹೊಳಪು ಬರಿಸುತ್ತಾರೆ. ತೋಟಾದ ಹಿಂಬದಿಯ ಕಿಡಿಮದ್ದಿನಲ್ಲಿ ಸಾಮಾನ್ಯವಾಗಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ ಇರುತ್ತದೆ. ಉರಿದ ಮೇಲೆ ಅದರ ಮಸಿ ಕೋಶದೊಳಗೆ ಉಳಿದು, ಉಜ್ಜಿದಾಗ ಪುಡಿಯಲ್ಲಿ ಸೇರಿಕೊಳ್ಳುತ್ತದೆ. ನಾಲ್ಕಾರು ಬಾರಿ ಬಳಸಿದ ಆ ಪುಡಿಯನ್ನು ಗ್ಯಾರೇಜಿನಲ್ಲಿ ಜರಡಿ ಹಿಡಿದರೆ ಕಣ್ಣಿಗೆ ಕಾಣದ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ಒಣ ಪುಡಿಯ ಬದಲು ನೀರು ಬಳಸುವ ಯಂತ್ರಕ್ಕೆ ಬದಲಾಯಿಸಿಕೊಳ್ಳುವುದು ಇದಕ್ಕೆ ಸುಲಭ ಪರಿಹಾರ.

ಒಂದು ಗ್ರಾಂ, 83 ನಿವೇಶನ

ಧೂಳೆಂದರೆ ಎಷ್ಟು ಧೂಳು? ಮನೆಯ ನೆಲದ ಮೇಲೆ ಚದರಡಿಗೆ 10 ಮೈಕ್ರೋಗ್ರಾಂ ಸೀಸ ಕಂಡುಬಂದರೆ ಅದು ಮಕ್ಕಳಿಗೆ ಅಪಾಯಕಾರಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2019ರಲ್ಲಿ ನಿಗದಿಪಡಿಸಿತು. 2024ರಲ್ಲಿ ನಿಯಮವನ್ನು ಇನ್ನಷ್ಟು ಬಿಗಿ ಮಾಡಿತು. ಸದ್ಯಕ್ಕೆ ಹಳೆಯ ಮಿತಿಯನ್ನೇ ಹಿಡಿದು ಲೆಕ್ಕ ಹಾಕೋಣ. ಒಂದು ಗ್ರಾಂ ಎಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂ ಸೀಸದ ಪುಡಿ ಸಮವಾಗಿ ಹರಡಿದರೆ ಒಂದು ಲಕ್ಷ ಚದರಡಿ ನೆಲ ಕೆಡಿಸಲು ಸಾಕು. ಬೆಂಗಳೂರಿಗರ ಭಾಷೆಯಲ್ಲಿ ಹೇಳುವುದಾದರೆ 30x40 ಅಳತೆಯ 83 ನಿವೇಶನಗಳು! ಒಂದು ಸಾಧಾರಣ ಪಿಸ್ತೂಲಿನ ಗುಂಡೇ ಸುಮಾರು 10 ಗ್ರಾಂ ತೂಗುತ್ತದೆ. ಒಂದು ಸಂಜೆ ಕುಳಿತು ಇನ್ನೂರು-ಮುನ್ನೂರು ಗುಂಡು ಹೊಯ್ಯುವವನು ಎರಡು-ಮೂರು ಕಿಲೋ ಸೀಸದೊಡನೆ ವ್ಯವಹರಿಸುತ್ತಾನೆ. ಅದರಲ್ಲಿ ಸಾವಿರದ ಒಂದು ಭಾಗ ಚೆಲ್ಲಿದರೂ ಏನಾಗುತ್ತದೆಂಬುದನ್ನು ಓದುಗರೇ ಊಹಿಸಬಹುದು.

ಈ ಧೂಳು ಚಪ್ಪಲಿಯ ಅಡಿಗೆ, ಪ್ಯಾಂಟಿನ ಅಂಚಿಗೆ, ತಲೆಗೂದಲಿಗೆ ಮೆತ್ತಿಕೊಂಡು ಹಜಾರಕ್ಕೆ ಬರುತ್ತದೆ. ಹಜಾರದ ನೆಲದಲ್ಲಿ ಅಂಬೆಗಾಲಿಡುವ ಮಗು ಇರುತ್ತದೆ. ಮಗುವಿನ ಕೈ ನೆಲದಿಂದ ನೇರ ಬಾಯಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನುಂಗಿದ ಅಷ್ಟೇ ಸೀಸದಲ್ಲಿ ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಎಳೆಯ ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಹೀಗಾಗಿ ಎರಕ ಹೊಯ್ದ ಅಪ್ಪ ಆರೋಗ್ಯವಾಗಿಯೇ ಇದ್ದು, ಗ್ಯಾರೇಜಿನ ಬಾಗಿಲನ್ನೂ ಕಾಣದ ಮಗುವಿನ ರಕ್ತದಲ್ಲಿ ಸೀಸ ಏರಿರುವ ಸಾಧ್ಯತೆ ಇದ್ದೇ ಇರುತ್ತದೆ. ಬ್ಯಾಟರಿ ಕಾರ್ಖಾನೆಯ ಕಾರ್ಮಿಕರ ಮನೆಗಳಲ್ಲಿ ಇದು ಬಹಳ ಹಿಂದೆಯೇ ಕಂಡುಬಂದ ಸಂಗತಿ.

ದೇಹದೊಳಗೆ ನಡೆಯುವುದೇನು?

ಸೀಸದಿಂದ ದೇಹಕ್ಕೆ ಎಳ್ಳಷ್ಟೂ ಉಪಯೋಗವಿಲ್ಲ. ಆದರೆ ಅದು ಕ್ಯಾಲ್ಸಿಯಂನಂತೆ ವರ್ತಿಸುವುದರಿಂದ ದೇಹ ಮೋಸಹೋಗಿ ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಹೆಚ್ಚುಕಡಿಮೆ ಒಂದು ತಿಂಗಳು. ಮೂಳೆ ಸೇರಿದರೆ ದಶಕಗಟ್ಟಲೆ ಅಲ್ಲೇ ಉಳಿಯುತ್ತದೆ. ವಯಸ್ಕರ ದೇಹದಲ್ಲಿನ ಸೀಸದ ಶೇ 90ಕ್ಕೂ ಹೆಚ್ಚು ಭಾಗ ಇರುವುದು ಮೂಳೆಯಲ್ಲೇ. ಗರ್ಭಿಣಿಯ ಮೂಳೆಯಿಂದ ಶಿಶುವಿಗಾಗಿ ಕ್ಯಾಲ್ಸಿಯಂ ಕರಗಿ ಬರುವಾಗ ಅದರೊಂದಿಗೆ ಹಳೆಯ ಸೀಸವೂ ಹೊರಬಿದ್ದು ಶಿಶುವನ್ನು ತಲುಪುತ್ತದೆ. ಆದ್ದರಿಂದ ಮಗುವಿನ ನಿರೀಕ್ಷೆಯಲ್ಲಿರುವ ಮನೆಯಲ್ಲಿ ಈ ಕೆಲಸವನ್ನು ಪೂರ್ತಿ ನಿಲ್ಲಿಸುವುದೊಂದೇ ದಾರಿ. ಇಲ್ಲಿ ಮಧ್ಯಮ ಮಾರ್ಗವಿಲ್ಲ.

ರಕ್ತ ತಯಾರಿಕೆಗೆ ಬೇಕಾದ ಕಿಣ್ವಗಳನ್ನು ಸೀಸ ತಡೆಯುತ್ತದೆ, ರಕ್ತಹೀನತೆ ತರುತ್ತದೆ. ರಕ್ತದೊತ್ತಡ ಏರಿಸುತ್ತದೆ, ಮೂತ್ರಪಿಂಡ ಹಾಳುಮಾಡುತ್ತದೆ. ಮಕ್ಕಳಲ್ಲಿ ಮಿದುಳಿನ ಬೆಳವಣಿಗೆ ಕುಂಠಿತವಾಗಿ ಕಲಿಕೆಯ ಸಾಮರ್ಥ್ಯ ಕುಗ್ಗುತ್ತದೆ. ಈ ನಷ್ಟ ಬಹುಮಟ್ಟಿಗೆ ಶಾಶ್ವತ. 2021ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 15 ಲಕ್ಷಕ್ಕೂ ಹೆಚ್ಚು ಸಾವುಗಳಿಗೆ ಸೀಸ ಕಾರಣವಾಗಿತ್ತೆಂಬುದು ವಿಶ್ವ ಆರೋಗ್ಯ ಸಂಸ್ಥೆ ನೀಡಿರುವ ಅಂದಾಜು. ಇವುಗಳಲ್ಲಿ ಹೆಚ್ಚಿನವು ಹೃದಯ ಹಾಗೂ ರಕ್ತನಾಳಗಳ ಕಾಯಿಲೆಯ ಸಾವುಗಳು.

ಲಕ್ಷಣಗಳನ್ನು ನಂಬಿ ಕೂರುವಂತಿಲ್ಲ ಎಂಬುದೇ ಇಲ್ಲಿನ ತೊಡಕು. ಆಯಾಸ, ತಲೆನೋವು, ಸಿಡಿಮಿಡಿ, ಮಲಬದ್ಧತೆ, ಹೊಟ್ಟೆ ನುಲಿತ: ಇವು ಯಾರಿಗೆ ಬರುವುದಿಲ್ಲ? ಮಣಿಕಟ್ಟು ಜೋತುಬೀಳುವ ಹೊತ್ತಿಗೆ ಪರಿಸ್ಥಿತಿ ಕೈಮೀರಿರುತ್ತದೆ. ರಕ್ತಪರೀಕ್ಷೆಯ ಹೊರತು ನಿಶ್ಚಯವಾಗಿ ತಿಳಿಯುವ ಉಪಾಯವಿಲ್ಲ.

ಅಂಕಿಗಳ ಅರ್ಥ

ರಕ್ತದ ಸೀಸವನ್ನು ಪ್ರತಿ ಡೆಸಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಅಳೆಯುತ್ತಾರೆ. ಮಕ್ಕಳ ವಿಷಯದಲ್ಲಿ ಗಮನ ಹರಿಸಬೇಕಾದ ಮಟ್ಟ 10 ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1991ರಲ್ಲಿ ಹೇಳಿತ್ತು. 2012ರಲ್ಲಿ ಅದನ್ನು 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ಇದು ಸುರಕ್ಷಿತ ಮಟ್ಟವಲ್ಲ. ಸುರಕ್ಷಿತ ಎನ್ನಬಹುದಾದ ಮಟ್ಟವೇ ಸೀಸಕ್ಕೆ ಗೊತ್ತಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 5 ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ಸೀಸದ ಮೂಲ ಹುಡುಕಿ ತೆಗೆಯಬೇಕು.

ವಯಸ್ಕರ ಕಥೆ ಬೇರೆ. ಅಮೆರಿಕದಲ್ಲಿ ಕಾರ್ಖಾನೆ ಕಾರ್ಮಿಕರಿಗೆಂದು 1978ರಲ್ಲಿ ರೂಪಿಸಿದ ರಾಷ್ಟ್ರೀಯ ನಿಯಮ ರಕ್ತದಲ್ಲಿ 60 ಕಂಡರೆ ಕೆಲಸದಿಂದ ದೂರವಿಡಬೇಕು, 40ಕ್ಕಿಂತ ಕೆಳಗಿಳಿದರೆ ಮರಳಿ ಕರೆಸಿಕೊಳ್ಳಬಹುದು ಎನ್ನುತ್ತದೆ. ಹವ್ಯಾಸಿಗಳು ತಮ್ಮ ರಕ್ತದಲ್ಲಿ 18 ಇದೆ, 22 ಇದೆ, 40ಕ್ಕೆ ಇನ್ನೂ ಎಷ್ಟೋ ದೂರವಿದೆ ಎಂದು ನೆಮ್ಮದಿಯಿಂದಿರಲು ಈ ಹಳೆಯ ಅಂಕಿಯೇ ಕಾರಣ. ಔದ್ಯೋಗಿಕ ಆರೋಗ್ಯ ತಜ್ಞರು 2007ರಲ್ಲೇ ಇದನ್ನು ತಳ್ಳಿಹಾಕಿದ್ದಾರೆ. ಒಮ್ಮೆ 30 ಮುಟ್ಟಿದರೆ, ಅಥವಾ ನಾಲ್ಕು ವಾರದ ಅಂತರದ ಎರಡು ಪರೀಕ್ಷೆಗಳಲ್ಲೂ 20 ಇದ್ದರೆ ಸೀಸದ ಸಹವಾಸ ಬಿಡಬೇಕೆಂಬುದು ಅವರ ಸಲಹೆ. ಹವ್ಯಾಸಿಗಾದರೋ ಬಿಡಲು ಅಷ್ಟು ಕಾಯುವ ಅನಿವಾರ್ಯತೆಯೂ ಇಲ್ಲ. ಸಂಬಳಕ್ಕಾಗಿ ಮಾಡುವ ಕೆಲಸವಲ್ಲವಲ್ಲ!

ಪರೀಕ್ಷೆಯಲ್ಲೂ ಒಂದು ಸೂಕ್ಷ್ಮವಿದೆ. ಬೆರಳ ತುದಿಯಿಂದ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಸೀಸದ ಧೂಳು ಬೆರೆತು ಅಂಕಿ ಸುಳ್ಳಾಗಿ ಏರಬಹುದು. ಎರಕದ ಕೆಲಸ ಮಾಡುವವರು ತೋಳಿನ ರಕ್ತನಾಳದಿಂದಲೇ ರಕ್ತ ಕೊಡುವುದು ಸರಿ. ಕೆಲಸ ಶುರುಮಾಡುವ ಮೊದಲೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಮಾಡಿಸಿದರೆ ಏರಿಕೆ ಗೊತ್ತಾಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಮೊದಲ ಪರೀಕ್ಷೆ ಅವರದು.

ಏರಿದ ಸೀಸ ಇಳಿಸುವ ಔಷಧಗಳಿವೆ. ಸಕ್ಸಿಮರ್, ಇಡಿಟಿಎ ಮೊದಲಾದವನ್ನು ವೈದ್ಯರು ಆಸ್ಪತ್ರೆಯ ನಿಗಾದಲ್ಲಿ, ಮಟ್ಟ ತೀರಾ ಹೆಚ್ಚಿದ್ದಾಗ ಮಾತ್ರ ಕೊಡುತ್ತಾರೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಈ ಗಡಿ 45. ‘ದೇಹದ ವಿಷ ತೆಗೆಯುವ’ ಪುಡಿ, ಕಷಾಯಗಳನ್ನು ಕೊಂಡು ಕುಡಿಯುವುದು ಚಿಕಿತ್ಸೆಯಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಕಷ್ಟಿರುವ ಊಟ ಸೀಸ ಹೀರಿಕೆಯನ್ನು ತಗ್ಗಿಸುತ್ತದೆ. ಖಾಲಿ ಹೊಟ್ಟೆ ಹೆಚ್ಚಿಸುತ್ತದೆ. ಅಂದಮಾತ್ರಕ್ಕೆ ಕುಲುಮೆಯ ಪಕ್ಕ ಕುಳಿತು ತಿನ್ನುವುದಲ್ಲ.

ಯಾವ ಸೀಸ, ಎಲ್ಲಿಯ ಸೀಸ

ಗುಂಡಿಗೆ ಶುದ್ಧ ಸೀಸ ಮೆತ್ತಗಾಗುತ್ತದೆಂದು ತವರ, ಆಂಟಿಮನಿ ಬೆರೆಸುತ್ತಾರೆ. ಹವ್ಯಾಸಿಗಳ ಅಚ್ಚುಮೆಚ್ಚಿನ ಮೂಲಗಳಲ್ಲೊಂದು ಹಳೆಯ ಪತ್ರಿಕಾಲಯಗಳ ಲೈನೋಟೈಪ್ ಲೋಹ. ಶೇ 84ರಷ್ಟು ಸೀಸ, 12ರಷ್ಟು ಆಂಟಿಮನಿ, 4ರಷ್ಟು ತವರದ ಈ ಮಿಶ್ರಣ ಗಟ್ಟಿ ಗುಂಡಿಗೆ ಹೇಳಿ ಮಾಡಿಸಿದ್ದು. ಆಫ್‌ಸೆಟ್ ಮುದ್ರಣ ಬಂದು ಲೈನೋ ಯಂತ್ರಗಳು ಮೂಲೆ ಸೇರಿದಾಗ ಅಮೆರಿಕದಲ್ಲಿ ಸುದ್ದಿ ಅಚ್ಚಾಗುತ್ತಿದ್ದ ಅಕ್ಷರಗಳು ಗುಜರಿಗೆ ಹೋಗಿ ಗುಂಡುಗಳಾದವು. ಮೊಳೆ ಜೋಡಿಸುವ ಕಾಲದ ಕಂಪೋಸಿಟರುಗಳನ್ನು ಕಂಡ ಪತ್ರಿಕಾಲಯದವರಿಗೆ ಇದೊಂದು ವಿಷಾದದ ಸಂಗತಿಯೇ. ಆ ಕಂಪೋಸಿಟರುಗಳ ಬೆರಳಿನ ಕಪ್ಪು ಬರೀ ಮಸಿಯಾಗಿರಲಿಲ್ಲ ಎಂಬುದೂ ಈಗ ಹೊಳೆಯುತ್ತದೆ.

ಕಾರಿನ ಚಕ್ರದ ಸಮತೋಲಕ್ಕೆ ಹಾಕುತ್ತಿದ್ದ ಸೀಸದ ತೂಕಗಳು ಇನ್ನೊಂದು ಮೂಲ. ಯುರೋಪಿನಲ್ಲಿ 2005ರಿಂದ ಹೊಸ ವಾಹನಗಳಿಗೆ ಇವು ನಿಷಿದ್ಧ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಮೊದಲಾದ ರಾಜ್ಯಗಳೂ ನಿಷೇಧಿಸಿವೆ. ಈಗಿನ ತೂಕಗಳಲ್ಲಿ ಸತು, ಉಕ್ಕು ಹೆಚ್ಚು. ಸತು ಕರಗುವುದು 419 ಡಿಗ್ರಿಯಲ್ಲಿ. ಅದನ್ನೂ ಕರಗಿಸುವ ಹಠದಲ್ಲಿ ಕುಲುಮೆಯ ಉಷ್ಣತೆ ಏರಿಸುತ್ತ ಹೋಗುವವರು ಸೀಸದ ಆವಿಯ ಗಡಿಗೂ ಹತ್ತಿರವಾಗುತ್ತಾರೆ. ತಾಪಮಾಪಕವಿಲ್ಲದೆ ಅಂದಾಜಿನಲ್ಲಿ ಕೆಲಸ ಮಾಡಬಾರದೆನ್ನುವುದು ಇದಕ್ಕೇ.

ಹಳೆಯ ಕಾರಿನ ಬ್ಯಾಟರಿ ಒಡೆದು ಅದರ ಫಲಕ ಕರಗಿಸುವುದನ್ನಂತೂ ಯಾವ ಕಾರಣಕ್ಕೂ ಮಾಡಬಾರದು. ಅದರಲ್ಲಿ ಗಂಧಕಾಮ್ಲವಿದೆ; ಸೀಸದೊಡನೆ ಆಂಟಿಮನಿ, ಆರ್ಸೆನಿಕ್, ಈಚಿನವುಗಳಲ್ಲಿ ಕ್ಯಾಲ್ಸಿಯಂ ಕೂಡ ಇರುತ್ತದೆ. ಕ್ಯಾಲ್ಸಿಯಂ ಬೆರೆತ ಕಿಟ್ಟಕ್ಕೆ ತೇವ ತಾಗಿದರೆ ಆರ್ಸೀನ್, ಸ್ಟಿಬೀನ್ ಎಂಬ ಅನಿಲಗಳು ಹೊರಡಬಹುದು. ಇವು ಸೀಸದಂತೆ ವರ್ಷಗಟ್ಟಲೆ ಕಾಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಎರವಾಗಬಲ್ಲವು.

ಇನ್ನೊಂದು ತಕ್ಷಣದ ಶತ್ರು ನೀರು. ಕರಗಿದ ಸೀಸದ ಮೇಲೆ ಬಿದ್ದ ಹನಿ ಸಾಮಾನ್ಯವಾಗಿ ಚುಂಯ್ ಎಂದು ಆವಿಯಾಗಿ ಹೋಗುತ್ತದೆ. ಅದೇ ಹನಿ ಸೀಸದ ಅಡಿಗೆ ಸೇರಿದರೆ ಒಂದು ಕ್ಷಣದಲ್ಲಿ ಸಾವಿರಾರು ಪಟ್ಟು ಹಿಗ್ಗಿ, ಪಾತ್ರೆಯಲ್ಲಿದ್ದ ಸೀಸವನ್ನೆಲ್ಲ ಮುಖದ ಮೇಲೆ ಎರಚುತ್ತದೆ. ಮಳೆಯಲ್ಲಿ ನೆನೆದ ಗುಜರಿ, ಇಬ್ಬನಿ ಕುಳಿತ ಗಟ್ಟಿ, ಒದ್ದೆ ಸೌಟು ಯಾವುದರಿಂದಲೂ ಇದಾಗಬಹುದು. ಸೇರಿಸುವ ಸೀಸವನ್ನು ಮೊದಲು ಪಾತ್ರೆಯ ಅಂಚಿನಲ್ಲಿಟ್ಟು ಬಿಸಿಮಾಡಿ ಒಣಗಿಸುವುದು, ಗುಜರಿಯನ್ನು ತಣ್ಣನೆಯ ಪಾತ್ರೆಯಲ್ಲೇ ಹಾಕಿ ಒಲೆ ಹಚ್ಚುವುದು ಅನುಭವಿಗಳ ಕ್ರಮ. ಕಣ್ಣಿಗೆ ಕನ್ನಡಕ, ಮುಖಕ್ಕೆ ಪಾರದರ್ಶಕ ಗುರಾಣಿ, ಚರ್ಮದ ಕೈಗವಸು, ಕಾಲು ಮುಚ್ಚುವ ಬೂಟು, ತುಂಬುತೋಳಿನ ಹತ್ತಿ ಬಟ್ಟೆ ಬೇಕು. ನೈಲಾನ್, ಪಾಲಿಯೆಸ್ಟರ್ ಬೇಡ. ಸಿಡಿದ ಸೀಸ ತಾಗಿದರೆ ಅವು ಕರಗಿ ಚರ್ಮಕ್ಕೆ ಅಂಟುತ್ತವೆ.

ಪಾಲಿಸಬೇಕಾದ್ದು

ಸ್ಥಳದ ಆಯ್ಕೆಯಿಂದ ಆರಂಭಿಸೋಣ. ಅಡುಗೆಮನೆಯಲ್ಲಿ ಈ ಕೆಲಸ ಸರ್ವಥಾ ಕೂಡದು. ಮನೆಗೆ ಅಂಟಿಕೊಂಡ ಗ್ಯಾರೇಜೂ ಒಳ್ಳೆಯ ಜಾಗವಲ್ಲ. ಬಯಲಲ್ಲಿ, ಮಳೆ ತಾಗದ ಚಪ್ಪರದಡಿ, ಗಾಳಿ ಬೆನ್ನ ಕಡೆಯಿಂದ ಬೀಸುವಂತೆ ನಿಲ್ಲುವುದು ಮೇಲು. ಮುಖದ ಮುಂದೆ ಫ್ಯಾನು ತಿರುಗಿಸಿದರೆ ಧೂಳು ಎಲ್ಲ ಕಡೆ ಹರಡುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಒಳಗೇ ಮಾಡಬೇಕಾದರೆ ಕುಲುಮೆಯ ನೆತ್ತಿಯಿಂದ ಹೊಗೆಯನ್ನೆಳೆದು ಹೊರಹಾಕುವ ವ್ಯವಸ್ಥೆ ಬೇಕು.

ಬಟ್ಟೆಯ ಮಾಸ್ಕಿನಿಂದ ಸೀಸ ನಿಲ್ಲುವುದಿಲ್ಲ. ಕಿಟ್ಟ ತೆಗೆಯುವಾಗ, ಗುಜರಿ ಕರಗಿಸುವಾಗ, ಸ್ವಚ್ಛ ಮಾಡುವಾಗ ಪಿ-100 ದರ್ಜೆಯ, ಮುಖಕ್ಕೆ ಬಿಗಿಯಾಗಿ ಕೂರುವ ಉಸಿರುಪಟ್ಟಿ ಧರಿಸಬೇಕು. ಗಡ್ಡವಿದ್ದರೆ ಅದು ಬಿಗಿಯಾಗಿ ಕೂರುವುದಿಲ್ಲ. ಕಿಟ್ಟವನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಕೂಡಿಟ್ಟು, ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವವರಿಗೆ ಕೊಡಬೇಕೇ ವಿನಾ ಮನೆಯ ಕಸಕ್ಕೋ ತೋಟದ ಮಣ್ಣಿಗೋ ಹಾಕುವಂತಿಲ್ಲ.

ನೆಲವನ್ನು ಪೊರಕೆಯಿಂದ ಗುಡಿಸಬಾರದು. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು. ಮುಂದಿನಿಂದ ಎಳೆದ ಸೂಕ್ಷ್ಮ ಧೂಳನ್ನು ಅದು ಹಿಂದಿನಿಂದ ಗಾಳಿಗೆ ಬಿಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಎಸೆಯಬೇಕು, ಇಲ್ಲವೇ ಹೆಪಾ ಶೋಧಕದ ಯಂತ್ರ ಬಳಸಬೇಕು. ಕೆಲಸದ ಚಪ್ಪಲಿ, ಅಂಗಿ ಹೊಸ್ತಿಲು ದಾಟಬಾರದು. ಆ ಬಟ್ಟೆಗಳನ್ನು ಮನೆಯವರ, ವಿಶೇಷವಾಗಿ ಮಕ್ಕಳ ಬಟ್ಟೆಯೊಡನೆ ಒಗೆಯಬಾರದು. ಕೆಲಸ ಮುಗಿದ ಕೂಡಲೇ ತಲೆಸ್ನಾನ ಮಾಡಿ ಆಮೇಲೆ ಮಗುವನ್ನೆತ್ತಿಕೊಳ್ಳಬೇಕು. ಹೊರಗಿನಿಂದ ಬಂದವರು ಕೈಕಾಲು ತೊಳೆದು ಒಳಗೆ ಬರಬೇಕೆಂಬ ನಮ್ಮ ಅಜ್ಜಿಯರ ಕಟ್ಟಳೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಕೈತೊಳೆಯುವ ಬಗೆಗೂ ಒಂದು ಮಾತು. ಸಾಧಾರಣ ಸಾಬೂನು ಸೀಸವನ್ನು ಪೂರ್ತಿ ತೆಗೆಯುವುದಿಲ್ಲವೆಂಬುದನ್ನು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಸೀಸಕ್ಕೆಂದೇ ತಯಾರಿಸಿದ ಸಾಬೂನು, ಒರೆಸುವ ಕಾಗದಗಳು ಅಲ್ಲಿ ಸಿಗುತ್ತವೆ. ಅವುಗಳಿಂದ ಶುಚಿಗೊಳ್ಳುವವರೆಗೆ ಕೈ ಬಾಯಿಗೆ ಹೋಗಬಾರದು. ಎರಕದ ಸ್ಥಳದಲ್ಲಿ ಕಾಫಿ, ತಿಂಡಿ, ಸಿಗರೇಟು ಮೂರಕ್ಕೂ ನಿಷೇಧ. ಮೂರರಲ್ಲಿ ಸಿಗರೇಟೇ ದೊಡ್ಡ ಖಳನಾಯಕ. ಬೆರಳಿನಿಂದ ಅದಕ್ಕೆ ಅಂಟಿದ ಸೀಸ ತುಟಿಗೂ ಹೋಗುತ್ತದೆ, ಕೆಂಡದ ಬಿಸಿಗೆ ಹೊಗೆಯಾಗಿ ಎದೆಗೂ ಇಳಿಯುತ್ತದೆ.

ಇಷ್ಟೆಲ್ಲ ಪಾಲಿಸಿಯೂ ರಕ್ತದಲ್ಲಿ ಸೀಸ ಏರಿದರೆ ಒಳಾಂಗಣ ಗುಂಡಿನ ಅಭ್ಯಾಸದ ಕೊಠಡಿಯತ್ತ ನೋಡಬೇಕು. ಗಾಳಿಯಾಟ ಸರಿಯಿಲ್ಲದ ಅಂಥ ಕೊಠಡಿಗಳಲ್ಲಿ ಕಿಡಿಮದ್ದಿನ ಸೀಸ ನೇರವಾಗಿ ಉಸಿರಿಗೆ ಸೇರುತ್ತದೆ. ಎರಕದ ಮೇಲೆ ಬರುವ ದೂರುಗಳಲ್ಲಿ ಒಂದಷ್ಟು ನಿಜಕ್ಕೂ ಇದರದ್ದು. ಸೀಸವನ್ನೇ ಬಿಟ್ಟು ತಾಮ್ರದ ಗುಂಡಿಗೆ ತಿರುಗಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಅಲ್ಲಿ ಕಾಳಜಿಯ ಕೇಂದ್ರದಲ್ಲಿದ್ದದ್ದು ಮನುಷ್ಯರಲ್ಲ, ಗುಂಡೇಟಿನ ಪ್ರಾಣಿಗಳ ಮಾಂಸ ತಿಂದು ಸಾಯುತ್ತಿದ್ದ ಕಾಂಡೋರ್ ರಣಹದ್ದುಗಳು.

ಅಮೆರಿಕದಲ್ಲಿ ಮನೆ ಕೊಳ್ಳುವ ಕನ್ನಡಿಗರು ಇದೊಂದನ್ನು ಗಮನಿಸುವುದೊಳಿತು. 1978ಕ್ಕಿಂತ ಹಿಂದೆ ಕಟ್ಟಿದ ಮನೆ ಮಾರುವಾಗ ಸೀಸದ ಬಣ್ಣದ ಬಗ್ಗೆ ತಮಗೆ ಗೊತ್ತಿರುವುದನ್ನು ಮಾರುವವರು ತಿಳಿಸಲೇಬೇಕೆಂದು ಅಲ್ಲಿನ ಕಾನೂನಿದೆ. ಅನಂತರದ ಮನೆಗಳಿಗೆ ಆ ನಿಯಮವಿಲ್ಲ. ಹಿಂದಿನ ಮಾಲೀಕ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಗುಂಡು ಹೊಯ್ದಿದ್ದರೂ ಕಾಗದಪತ್ರದಲ್ಲಿ ಅದರ ಸುಳಿವಿರಲಾರದು. ಕೇಳಿ ತಿಳಿಯಬೇಕು, ಅನುಮಾನವಿದ್ದರೆ ನೆಲದ ಧೂಳಿನ ಪರೀಕ್ಷೆ ಮಾಡಿಸಬೇಕು.

ನಮ್ಮಲ್ಲಿ?

ಭಾರತದಲ್ಲಿ ಇದು ಹವ್ಯಾಸವಾಗುವ ಪ್ರಶ್ನೆಯೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡಗಿನ ವಿಷಯದಲ್ಲಿ ಗೊಂದಲವಿರುವವರಿಗೆ ಒಂದು ಸ್ಪಷ್ಟನೆ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಹೊಂದಲು, ಒಯ್ಯಲು ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ಮದ್ದುಗುಂಡು ತಯಾರಿಕೆಗೆ ಕೊಟ್ಟದ್ದಲ್ಲ.

ಗುಂಡಿನ ಎರಕವಿಲ್ಲದಿದ್ದರೂ ಸೀಸದ ಕುಲುಮೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಹಳೆಯ ಬ್ಯಾಟರಿ ಒಡೆದು ಬಯಲಲ್ಲೇ ಸೀಸ ಕರಗಿಸುವ ಗುಟ್ಟಿನ ಘಟಕಗಳು ದೇಶದ ಅನೇಕ ನಗರಗಳ ಅಂಚಿನಲ್ಲಿವೆ. 2001ರ ಬ್ಯಾಟರಿ ನಿಯಮಗಳ ಜಾಗಕ್ಕೆ 2022ರಲ್ಲಿ ಹೊಸ ನಿಯಮ ಬಂದಿದ್ದು, ಹಳೆಯ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಮನೆಯಂಗಳದಲ್ಲೇ ಹೊಯ್ದುಕೊಳ್ಳುವವರಿಗೂ ಮೇಲೆ ಹೇಳಿದ ಕಿಟ್ಟ, ಧೂಳು, ನೀರಿನ ಎಚ್ಚರಿಕೆಗಳು ಒಂದಕ್ಷರ ಬದಲಾಗದೆ ಅನ್ವಯಿಸುತ್ತವೆ.

ಸೀಸದ ವಿರುದ್ಧದ ಕೆಲಸದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. 1990ರ ದಶಕದ ಕೊನೆಯಲ್ಲಿ ನಗರದ ಜಾರ್ಜ್ ಫೌಂಡೇಷನ್ ಬೆಂಗಳೂರೂ ಸೇರಿ ದೇಶದ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ ಅರ್ಧಕ್ಕರ್ಧ ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷಬಾಧೆಗಾಗಿ ರಾಷ್ಟ್ರೀಯ ಪರಾಮರ್ಶನ ಕೇಂದ್ರವನ್ನು ಕಟ್ಟಿದ್ದು ಇದೇ ಊರಿನಲ್ಲಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಇಷ್ಟಾಗಿಯೂ 2020ರ ಯುನಿಸೆಫ್ ವರದಿ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂಗಿಂತ ಹೆಚ್ಚಿದೆಯೆಂದು ಅಂದಾಜಿಸಿತು.

ಕಡೆಗೆ, ಸೀಸ ಕರಗಿಸಿದ ಪಾತ್ರೆಯ ವಿಚಾರ. ಹಳೆಯ ಬಾಣಲೆ, ಸೌಟುಗಳನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದು ಎಲ್ಲ ದೇಶಗಳಲ್ಲೂ ಇರುವ ರೂಢಿ. ಒಮ್ಮೆ ಸೀಸ ಕಂಡ ಪಾತ್ರೆಯನ್ನು ಎಷ್ಟು ತಿಕ್ಕಿ ತೊಳೆದರೂ ಅಡುಗೆಗೆ ಮರಳಿಸುವಂತಿಲ್ಲ. ಗುಜರಿಗೆ ಹಾಕುವ ಮುನ್ನ ಅದರ ತಳಕ್ಕೊಂದು ತೂತು ಕೊರೆದುಬಿಡಬೇಕು, ಮುಂದೆ ಅದು ಇನ್ನಾರದೋ ಒಲೆಯ ಮೇಲೆ ಏರದಂತೆ.